ಅಪ್ಪನ ಬ್ರನೋ ಇಟ್ಟುಕೊಳ್ಳೋದಾ, ಬೇರೆ .22 ತಗೊಳ್ಳೋದಾ?

ಪ್ರಶ್ನೆ: ಸರ್, ನಾನು ರಾಜಾಜಿನಗರದವನು, ವಯಸ್ಸು 39. ಎರಡು ವರ್ಷದಿಂದ ಭಾನುವಾರಗಳಲ್ಲಿ 10 ಮೀಟರ್ ಏರ್ ರೈಫಲ್ ಹೊಡೆಯುತ್ತಿದ್ದೇನೆ. ಸ್ಪರ್ಧೆಗೆ ಹೋಗುವ ಆಸೆ ಇಲ್ಲ, ಖುಷಿಗೆ ಅಷ್ಟೆ. ಈಗ ಒಂದು ಒಳ್ಳೆಯ .22 (0.22 ಇಂಚಿನ ಚಿಕ್ಕ ಗುಂಡಿನ) ಬೋಲ್ಟ್ ಆಕ್ಷನ್ ರೈಫಲ್, ಅಂದರೆ ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ತುಂಬುವಂಥದ್ದು, ಬೇಕು ಅನಿಸಿದೆ. ಕೆಲವರು ಆನ್‌ಶುಟ್ಜ್ ಬಿಟ್ಟು ಬೇರೆ ಮುಟ್ಟಲೇಬೇಡ ಅಂತಾರೆ, ಕೆಲವರು ಸಿಝೆಡ್ ಸಾಕು ಅಂತಾರೆ. ನಮ್ಮ ತಂದೆಗೆ 74 ವರ್ಷ, ಸಕಲೇಶಪುರದ ಹತ್ತಿರ ಕಾಫಿ ತೋಟ ಇದೆ. ಅವರ ಲೈಸೆನ್ಸಿನಲ್ಲಿ ಒಂದು ಹಳೇ ಬ್ರನೋ .22 ಇದೆ, ಎಷ್ಟೋ ವರ್ಷದಿಂದ ಬೀರುವಿನಿಂದ ಹೊರಗೆ ಬಂದಿಲ್ಲ. ಅದನ್ನು ಮಾರಿ ಬೇರೆ ತಗೊಳ್ಳಲೇ? ಸ್ಕೋಪ್ ಯಾವುದು ಹಾಕಿಸಲಿ?

ಉತ್ತರ: ಮಾರಬೇಡಿ. ಅಂದರೆ ಈಗಲೇ ಮಾರಬೇಡಿ. ನೀವು ಆನ್‌ಶುಟ್ಜ್, ಸಿಝೆಡ್ ಅಂತ ಹೆಸರು ಹಿಡಿದು ಶುರು ಮಾಡಿದ್ದೀರಿ, ಸ್ಕೋಪಿನಲ್ಲಿ ಮುಗಿಸಿದ್ದೀರಿ. ನಡುವೆ ಗುಂಡಿನ ಮಾತೇ ಇಲ್ಲ. ನಮ್ಮ ಬೆಂಗಳೂರಿನಲ್ಲಿ .22 ಆರಿಸುವವನು ಮೊದಲು ಕೇಳಬೇಕಾದದ್ದು ಗುಂಡು ಎಲ್ಲಿ ಸಿಗುತ್ತದೆ, ವರ್ಷಕ್ಕೆ ಎಷ್ಟು ಸಿಗುತ್ತದೆ, 50 ಮೀಟರ್ ರೇಂಜ್ ಎಲ್ಲಿದೆ ಅಂತ. ರೈಫಲಿನ ಹೆಸರು ಆಮೇಲೆ.

ಯಾಕೆ ಅಂತ ಹೇಳುತ್ತೇನೆ. ಹೊರದೇಶದವರು ಬರೆದದ್ದನ್ನು ಓದಿದರೆ ಅಂಗಡಿಗೆ ಹೋಗಿ ನಾಲ್ಕು ರೈಫಲ್ ಭುಜಕ್ಕೆ ಇಟ್ಟು ನೋಡಿ, ಬೇಕಾದ್ದು ತಗೊಂಡು ಬಂದ ಕತೆ ಇರುತ್ತದೆ. ನಮ್ಮಲ್ಲಿ ಹಾಗಿಲ್ಲ. 1980ರ ದಶಕದ ನಡುವಿನಿಂದ ಸಾಮಾನ್ಯ ಲೈಸೆನ್ಸ್‌ದಾರರು ಹೊರಗಿನಿಂದ ಬಂದೂಕು ತರಿಸಲು ಆಗುವುದಿಲ್ಲ. ಆ ದಾರಿ ಇರುವುದು ಸ್ಪರ್ಧೆಯಲ್ಲಿ ನಿಗದಿತ ಮಟ್ಟ ಮುಟ್ಟಿದ ಶೂಟರ್‌ಗಳಿಗೆ. ಹಾಗಾಗಿ ನಿಮ್ಮಂಥವರ ಮುಂದೆ ಇರುವುದು ಎರಡೇ: ಇಲ್ಲೇ ತಯಾರಾಗುವ ರೈಫಲ್, ಇಲ್ಲವಾದರೆ ಮೊದಲೇ ದೇಶದೊಳಗೆ ಬಂದು ಕೈಯಿಂದ ಕೈಗೆ ದಾಟುತ್ತಿರುವ ಹಳೆಯ ಬ್ರನೋ, ಬಿಎಸ್ಎ, ಆನ್‌ಶುಟ್ಜ್. ಈ ಹಳೆಯದಕ್ಕೆ ಹೊಸದಕ್ಕಿಂತ ಜಾಸ್ತಿ ದುಡ್ಡು ಕೇಳುತ್ತಾರೆ. ಜನ ಅದಕ್ಕಾಗಿ ವರ್ಷಗಟ್ಟಲೆ ಹುಡುಕುತ್ತಾರೆ. ನಿಮಗೆ ಅದು ಅಪ್ಪನ ಬೀರುವಿನಲ್ಲೇ ಇದೆ.

ಬ್ರನೋ ಬಗ್ಗೆ ಒಂದು ಮಾತು. ಬ್ರನೋ ಅನ್ನುವುದು ಚೆಕ್ ದೇಶದ ಊರಿನ ಹೆಸರು. ನಮ್ಮ ಮಲೆನಾಡಿನಲ್ಲಿ ಅದು ಬ್ರುನೋ ಆಗಿದೆ, ನಾಯಿಗೆ ಇಟ್ಟ ಹೆಸರಿನ ಹಾಗೆ. ನಿಮ್ಮ ಸ್ನೇಹಿತರು ಹೇಳುವ ಸಿಝೆಡ್ 452, 455, ಈಗಿನ 457 ಎಲ್ಲ ಅದೇ ಮನೆತನದವು. 457ರಲ್ಲಿ ಬೋಲ್ಟ್ ಎತ್ತುವ ಕೋನ 60 ಡಿಗ್ರಿಗೆ ಇಳಿದಿದೆ, ಸ್ಕೋಪ್ ಇದ್ದಾಗ ಕೈ ತಾಗುವುದಿಲ್ಲ. ಹಳೆಯವುಗಳಲ್ಲಿ ಸೇಫ್ಟಿ ನಮ್ಮ ಅಭ್ಯಾಸಕ್ಕೆ ಉಲ್ಟಾ ಇರುತ್ತಿತ್ತು, ಅದನ್ನೂ ಸರಿ ಮಾಡಿದ್ದಾರೆ. ನಳಿಗೆಯ ವಿಷಯಕ್ಕೆ ಬಂದರೆ ಚೆನ್ನಾಗಿ ನೋಡಿಕೊಂಡ ಹಳೆಯ ಬ್ರನೋ ಇವತ್ತಿಗೂ ಯಾರ ಮುಂದೆಯೂ ತಲೆ ತಗ್ಗಿಸುವುದಿಲ್ಲ. ಆನ್‌ಶುಟ್ಜ್ ಬೇರೆ ದರ್ಜೆ, ಒಪ್ಪುತ್ತೇನೆ. 1856ರಲ್ಲಿ ಶುರುವಾದ ಜರ್ಮನ್ ಕಂಪನಿ, ಅವರ 54 ಆಕ್ಷನ್‌ಗೆ (ಬೋಲ್ಟ್ ಕೂರುವ ಭಾಗ) ಗುರಿ ಶೂಟಿಂಗ್‌ನಲ್ಲಿ ದೊಡ್ಡ ಹೆಸರು. ಆದರೆ ಮ್ಯಾಚ್ ರೈಫಲ್ ಅಂದರೆ 5 ಕಿಲೋ ದಾಟಿದ ತೂಕ, ಅದಕ್ಕೊಂದು ಜಾಕೆಟ್, ಕೈಗವಸು, ಬೆಲ್ಟು. 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ತ್ರಿ ಪೊಸಿಷನ್‌ನಲ್ಲಿ (ಮಂಡಿಯೂರಿ, ಮಲಗಿ, ನಿಂತು ಹೊಡೆಯುವ ಸ್ಪರ್ಧೆ) ಕಂಚು ಗೆದ್ದರಲ್ಲ, ಅವರು ಹೊಡೆದದ್ದೂ ಈ .22 ಗುಂಡೇ. ಅವರ ಹಾದಿ ಹಿಡಿಯುವವರಿಗೆ ಮ್ಯಾಚ್ ರೈಫಲ್ ಬೇಕು. ಭಾನುವಾರ ಒಂದು ಡಬ್ಬಿ ಹೊಡೆದು ಮಸಾಲೆ ದೋಸೆ ತಿಂದು ಮನೆಗೆ ಹೋಗುವವರಿಗೆ 3 ಕಿಲೋ ಆಸುಪಾಸಿನ ಸ್ಪೋರ್ಟಿಂಗ್ ರೈಫಲ್ ಸಾಕು. ಅದೇ ಜಾಸ್ತಿ ಖುಷಿ ಕೊಡುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಈಗ ಗುಂಡಿನ ಮಾತು. ನಿಮ್ಮ ತಂದೆ ತೋಟಾ ಅನ್ನುತ್ತಾರೆ, ರೇಂಜಿನಲ್ಲಿ ರೌಂಡ್ಸ್ ಅನ್ನುತ್ತಾರೆ, ಎರಡೂ ಒಂದೇ. .22 ಲಾಂಗ್ ರೈಫಲ್ ತೋಟಾ 1887ರಿಂದ ಇದೆ. 40 ಗ್ರೇನ್ ಸೀಸದ ಗುಂಡು, ಅಂದರೆ 2.6 ಗ್ರಾಂ. ಇದರಲ್ಲಿ ಸ್ಟ್ಯಾಂಡರ್ಡ್ ವೆಲಾಸಿಟಿ, ಹೈ ವೆಲಾಸಿಟಿ ಅಂತ ಎರಡು ಜಾತಿ. ಸ್ಟ್ಯಾಂಡರ್ಡ್ ಗುಂಡು ಸೆಕೆಂಡಿಗೆ ಸುಮಾರು 325 ಮೀಟರ್ ವೇಗದಲ್ಲಿ ಹೊರಡುತ್ತದೆ, ಶಬ್ದದ ವೇಗಕ್ಕಿಂತ ಸ್ವಲ್ಪ ಕಡಿಮೆ. ಹೈ ವೆಲಾಸಿಟಿ ಶಬ್ದಕ್ಕಿಂತ ವೇಗವಾಗಿ ಹೊರಟು, 100 ಮೀಟರ್ ತಲುಪುವ ಮೊದಲೇ ಆ ಗಡಿಯ ಕೆಳಗೆ ಇಳಿಯುತ್ತದೆ, ಇಳಿಯುವಾಗ ಅಲ್ಲಾಡುತ್ತದೆ. ವೇಗದ ಗುಂಡಿಗೆ ಗಾಳಿ ಕಡಿಮೆ ತಾಗಬೇಕು ಅನಿಸುತ್ತದೆ ಅಲ್ವಾ? .22ರಲ್ಲಿ ಉಲ್ಟಾ. ಹೈ ವೆಲಾಸಿಟಿ ಗುಂಡೇ ಗಾಳಿಗೆ ಜಾಸ್ತಿ ಪಕ್ಕಕ್ಕೆ ಹೋಗುತ್ತದೆ, ಯಾಕೆಂದರೆ ಅದು ದಾರಿಯಲ್ಲಿ ಕಳೆದುಕೊಳ್ಳುವ ವೇಗ ಜಾಸ್ತಿ. ಹಾಗಾಗಿ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಹೈ ಅಂತ ಇದ್ದದ್ದನ್ನು ನೋಡಿ ಮರುಳಾಗಬೇಡಿ. ಕಾಗದದ ಗುರಿಗೆ ಸ್ಟ್ಯಾಂಡರ್ಡ್ ಸಾಕು.

ಇನ್ನೊಂದು ವಿಷಯ ಇದೆ, ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ, ಕಣ್ಣಾರೆ ನೋಡಿದ ಮೇಲೆ ನಂಬುತ್ತಾರೆ. ಪ್ರತಿ ನಳಿಗೆಗೂ ಒಂದು ನಾಲಿಗೆ ರುಚಿ ಇರುತ್ತದೆ. ನನ್ನದೇ ರೈಫಲ್, ಒಂದೇ ಬೆಳಗ್ಗೆ, ಮರಳಿನ ಚೀಲದ ಮೇಲೆ ಇಟ್ಟು ಎರಡು ಬ್ರ್ಯಾಂಡಿನ ಗುಂಡು ಹೊಡೆದೆ. ಮೊದಲನೆಯದು 50 ಮೀಟರಿನಲ್ಲಿ ಐದು ಗುಂಡು 40 ಮಿ.ಮೀ. ಹರಡಿತು. ಎರಡನೆಯದರ ಐದೂ ಒಂದು ರೂಪಾಯಿ ನಾಣ್ಯದ ಅಡಿಯಲ್ಲಿ ಮುಚ್ಚಿಹೋದವು. ರೈಫಲ್ ಅದೇ, ಕಣ್ಣೂ ಅದೇ. ದುಬಾರಿ ಗುಂಡೇ ಗೆಲ್ಲಬೇಕು ಅಂತಲೂ ಇಲ್ಲ. ಸ್ಪೋರ್ಟಿಂಗ್ ರೈಫಲ್ ಒಂದು 50 ಮೀಟರಿನಲ್ಲಿ ಮತ್ತೆ ಮತ್ತೆ ರೂಪಾಯಿ ನಾಣ್ಯದೊಳಗೆ ಕೂರಿಸಿದರೆ ಅದು ಒಳ್ಳೆಯ ರೈಫಲ್, ಮೇಲೆ ಯಾವ ಹೆಸರು ಕೆತ್ತಿದ್ದರೂ ಸರಿ. ಅಂದ ಹಾಗೆ ಒಲಿಂಪಿಕ್ಸ್ ಗುರಿಯ ಹತ್ತರ ವೃತ್ತ 10.4 ಮಿ.ಮೀ., ನಾಣ್ಯದ ಅಗಲದ ಅರ್ಧದಷ್ಟು ಅನ್ನಿ. ಅಡ್ಡಗಾಳಿ ಗಂಟೆಗೆ 16 ಕಿ.ಮೀ. ಇದ್ದರೆ 50 ಮೀಟರಿನಲ್ಲಿ ಗುಂಡು ಸುಮಾರು 3 ಸೆಂ.ಮೀ. ಸರಿಯುತ್ತದೆ, ಹತ್ತು ಹೋಗಿ ಏಳಾಗುತ್ತದೆ. ಏರ್ ರೈಫಲ್ ಹಾಲಿನೊಳಗೆ ಎರಡು ವರ್ಷ ನಿಂತವರಿಗೆ ಇದು ಹೊಸ ಪಾಠ.

ಗುಂಡಿನ ಲೆಕ್ಕ ಲೈಸೆನ್ಸಿನಲ್ಲೇ ಇರುತ್ತದೆ. ಒಂದು ಸಲಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ಅಂತ ಬರೆದಿರುತ್ತಾರೆ. ಒಂದು ಡಬ್ಬಿಗೆ 50. ನೀವು ಮನಸ್ಸಿಟ್ಟು ಹೊಡೆದರೆ ಒಂದು ಬೆಳಗ್ಗೆಗೆ ಒಂದು ಡಬ್ಬಿ ಸಾಲುವುದಿಲ್ಲ. ಬೆಳೆ ರಕ್ಷಣೆಗೆ ಕೊಟ್ಟ ಲೈಸೆನ್ಸಿನ ಲೆಕ್ಕದಲ್ಲಿ ಕೆಲವೇ ಭಾನುವಾರ ಕಳೆಯಬಹುದು. ಅದಕ್ಕೇ ಮಾನ್ಯತೆ ಇರುವ ರೈಫಲ್ ಅಸೋಸಿಯೇಷನ್ ಅಥವಾ ಕ್ಲಬ್ಬಿನ ಸದಸ್ಯತ್ವ ಮೊದಲು ಮಾಡಿಕೊಳ್ಳಿ, ಕರ್ನಾಟಕ ಸ್ಟೇಟ್ ರೈಫಲ್ ಅಸೋಸಿಯೇಷನ್‌ನಲ್ಲಿ ವಿಚಾರಿಸಿ. ನಗರದ ಹೆಚ್ಚಿನ ರೇಂಜುಗಳು 10 ಮೀಟರ್ ಏರ್ ರೈಫಲಿನವು, .22ಗೆ ಅವು ಆಗುವುದಿಲ್ಲ. 50 ಮೀಟರ್ ಲೇನ್ ಎಲ್ಲಿ, ಯಾವ ದಿನ, ಹೊರಗಿನ ರೈಫಲ್ ತರಲು ಬಿಡುತ್ತಾರಾ ಅಂತ ಕೇಳಿಕೊಂಡು ಬನ್ನಿ. ಅಲ್ಲೇ ಕ್ಲಬ್ಬಿನ ರೈಫಲ್‌ನಲ್ಲಿ ಒಂದೆರಡು ತಿಂಗಳು ಹೊಡೆದರೆ ಇನ್ನೂ ಒಳ್ಳೆಯದು. ನಿಮಗೆ ಏನು ಬೇಕು ಅನ್ನುವುದು ಆಗ ತಾನಾಗಿ ಗೊತ್ತಾಗುತ್ತದೆ.

ಅಪ್ಪನ ರೈಫಲ್ ಪರೀಕ್ಷೆಗೆ ಬರೋಣ. ಹಳೆಯ ರೈಫಲ್ ಬೇರೆಯವರಿಂದ ಕೊಳ್ಳುವಾಗಲೂ ಇದೇ ಕ್ರಮ.

ಮೊದಲು ಮ್ಯಾಗಜಿನ್ ತೆಗೆಯಿರಿ, ಬೋಲ್ಟ್ ಹಿಂದಕ್ಕೆ ಎಳೆದು ಒಳಗೆ ಗುಂಡಿಲ್ಲ ಅಂತ ಕಣ್ಣಿಂದ ನೋಡಿ, ಕಿರುಬೆರಳು ಹಾಕಿ ಮುಟ್ಟಿಯೂ ನೋಡಿ. ಬೀರುವಿನಲ್ಲಿ ಎಷ್ಟೋ ವರ್ಷ ಇದ್ದ ಕೋವಿ ಖಾಲಿಯೇ ಇರಬೇಕು ಅಂತ ಎಲ್ಲೂ ಬರೆದಿಲ್ಲ. ಆಮೇಲೆ ಬೋಲ್ಟ್ ಪೂರ್ತಿ ಹೊರಗೆ ತೆಗೆಯಿರಿ. ಅದರ ಮೇಲೆ ಕಂದು ಬಣ್ಣದ ಅಂಟು ಕಂಡರೆ ಹೆದರಬೇಡಿ, ನಮ್ಮ ಮಲೆನಾಡಿನ ಹಿರಿಯರು ಕೋವಿಗೆ ಕೊಬ್ಬರಿ ಎಣ್ಣೆ ಹಚ್ಚುವುದು ಜಾಸ್ತಿ. ಡಿಸೆಂಬರ್ ಚಳಿಗೆ ಅದು ಬಾಟಲಿಯಲ್ಲಿ ಗಟ್ಟಿಯಾಗುವ ಹಾಗೆ ಬೋಲ್ಟಿನೊಳಗೂ ಗಟ್ಟಿಯಾಗುತ್ತದೆ, ವರ್ಷ ಕಳೆದರೆ ಅಂಟಾಗುತ್ತದೆ. ತೋಟಾಗೆ ಬಡಿಯುವ ಫೈರಿಂಗ್ ಪಿನ್ ನಿಧಾನವಾಗಿ ಬಡಿಯುತ್ತದೆ, ಗುಂಡು ಠುಸ್ ಅನ್ನುತ್ತದೆ. ಗನ್‌ಸ್ಮಿತ್ ಬಿಚ್ಚಿ ತೊಳೆದು ಕೊಟ್ಟರೆ ಸರಿಹೋಗುತ್ತದೆ. ಅದೇ ಕಾರಣಕ್ಕೆ ಎಷ್ಟೋ ಒಳ್ಳೆಯ ಬ್ರನೋಗಳು ಕೆಟ್ಟುಹೋಗಿವೆ ಅನ್ನುವ ಹೆಸರು ಹೊತ್ತು ಮೂಲೆಯಲ್ಲಿ ಕೂತಿವೆ. ರೈಫಲ್ ಚರ್ಮದ ಕವರಿನಲ್ಲಿದ್ದರೆ ಇವತ್ತೇ ಹೊರಗೆ ತೆಗೆಸಿ, ಮಳೆಗಾಲದಲ್ಲಿ ಚರ್ಮ ನೀರು ಹಿಡಿದುಕೊಂಡು ಕಬ್ಬಿಣ ತಿನ್ನುತ್ತದೆ.

ಈಗ ನಳಿಗೆಯನ್ನು ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿ. ಒಳಗಿನ ಸುರುಳಿ ಗೆರೆಗಳು ಅಂಚು ಉಳಿಸಿಕೊಂಡು ಹೊಳೆಯಬೇಕು. ಚುಕ್ಕಿ ಚುಕ್ಕಿ ಕಪ್ಪು ಕಂಡರೆ ತುಕ್ಕಿನ ಗುಳಿ, ಅದು ಹೋಗುವುದಿಲ್ಲ. ಬೂದು ಬಣ್ಣದ ಪಟ್ಟಿ ಕಂಡರೆ ಸೀಸ ಅಂಟಿದ್ದು, ಅದು ಹೋಗುತ್ತದೆ. ಉಂಗುರದ ಹಾಗೆ ಒಂದು ನೆರಳು ಕಂಡರೆ ಮಾತ್ರ ನಿಲ್ಲಿ. ಇದನ್ನು ನಾನು ದುಡ್ಡು ಕೊಟ್ಟು ಕಲಿತದ್ದು. ಹದಿನೈದು ವರ್ಷದ ಹಿಂದೆ ಒಬ್ಬ ಡೀಲರ್ ಹತ್ತಿರ ಹಳೆಯ .22 ಒಂದನ್ನು ತಗೊಂಡೆ. ಆಕ್ರೋಟ್ ಮರದ ಸ್ಟಾಕ್ (ಭುಜಕ್ಕೆ ಇಡುವ ಹಿಡಿ), ಕನ್ನಡಿಯ ಹಾಗೆ ಪಾಲಿಶ್, ನೋಡಿದ ತಕ್ಷಣ ಮನಸ್ಸು ಜಾರಿತು. ರೇಂಜಿನಲ್ಲಿ ಐದು ಗುಂಡು ಹೊಡೆದರೆ ಅಂಗೈ ಅಗಲ. ಗುಂಡು ಬದಲಾಯಿಸಿದೆ, ಸ್ಕೋಪ್ ಬದಲಾಯಿಸಿದೆ, ಸ್ಕ್ರೂ ಬಿಗಿ ಮಾಡಿದೆ, ನನ್ನ ಉಸಿರಾಟವನ್ನೂ ಅನುಮಾನಿಸಿದೆ. ಕೊನೆಗೆ ಒಬ್ಬ ಹಿರಿಯರು ಕ್ಲೀನಿಂಗ್ ರಾಡಿಗೆ ಬಿಗಿಯಾದ ಬಟ್ಟೆ ಸುತ್ತಿ ನನ್ನ ಕೈಗೇ ಕೊಟ್ಟು, ಹಿಂದಿನಿಂದ ನಿಧಾನವಾಗಿ ತಳ್ಳು ಅಂದರು. ಒಂದೇ ಸಮ ಬಿಗಿಯಾಗಿ ಹೋಗುತ್ತಿದ್ದ ರಾಡು, ನಳಿಗೆಯ ಬಾಯಿಗೆ ನಾಲ್ಕು ಬೆರಳು ಇದೆ ಅನ್ನುವಾಗ ಫಕ್ಕನೆ ಸಡಿಲವಾಯಿತು. ಯಾವತ್ತೋ ಒಂದು ಗುಂಡು ಅಲ್ಲಿ ಸಿಕ್ಕಿಹಾಕಿಕೊಂಡಿದೆ, ಹಿಂದೆಯೇ ಇನ್ನೊಂದು ಹೊಡೆದಿದ್ದಾರೆ, ನಳಿಗೆ ಒಳಗೇ ಉಬ್ಬಿದೆ. ಹೊರಗೆ ಏನೂ ಕಾಣುವುದಿಲ್ಲ. ಅಂಥ ನಳಿಗೆಯಿಂದ ಹೊಡೆಯುವುದೂ ಅಪಾಯ. ಆ ಬಟ್ಟೆ ಸುತ್ತಿದ ರಾಡಿನ ಪರೀಕ್ಷೆಗೆ ಎರಡು ನಿಮಿಷ ಬೇಕು, ಅಷ್ಟೆ. ರಾಡ್ ಯಾವಾಗಲೂ ಹಿಂದಿನಿಂದ ಹಾಕಿ, ಬಾಯಿಯ ಕಡೆಯಿಂದ ತೂರಿಸಿದರೆ ಆ ಅಂಚು ಸವೆಯುತ್ತದೆ. ಗುಂಡು ಕೊನೆಗೆ ಬಿಡುವುದೇ ಆ ಅಂಚನ್ನು. ಅಲ್ಲಿ ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಒಳಗಿನಿಂದ ಹೊರಕ್ಕೆ ಸುತ್ತಲೂ ಎಳೆದು ನೋಡಿ, ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಪೆಟ್ಟಾಗಿದೆ ಅಂತ.

ಖಾಲಿ ರೈಫಲ್‌ನ ಟ್ರಿಗರ್ ಸುಮ್ನೆ ಟಕ್ ಟಕ್ ಅನ್ನಿಸುವ ಚಾಳಿ ಬೇಡ. .22ರಲ್ಲಿ ಪಿನ್ ಬಡಿಯುವುದು ತೋಟಾದ ಅಂಚಿಗೆ. ತೋಟಾ ಇಲ್ಲದಿದ್ದರೆ, ಹಳೆಯ ರೈಫಲ್‌ಗಳಲ್ಲಿ ಅದು ಛೇಂಬರಿನ (ತೋಟಾ ಕೂರುವ ಜಾಗ) ಅಂಚಿಗೇ ಬಡಿದು ತಗ್ಗು ಮಾಡಬಹುದು. ನಿಮ್ಮ ತಂದೆಯವರ ಮೊಮ್ಮಕ್ಕಳು ಯಾರಾದರೂ ಅದರಲ್ಲಿ ಆಟ ಆಡಿದ್ದರೆ ಅಲ್ಲೊಂದು ಪುಟ್ಟ ಗುರುತು ಇರುತ್ತದೆ, ನೋಡಿ. ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ಡಮ್ಮಿ ತೋಟಾ) ಒಂದು ತಗೊಂಡು ಸೇಫ್ಟಿ ಪರೀಕ್ಷಿಸಿ: ಬೋಲ್ಟ್ ಎಳೆದು ಕಾಕ್ ಮಾಡಿ, ಸೇಫ್ಟಿ ಹಾಕಿ, ಟ್ರಿಗರ್ ಒತ್ತಿ ಬಿಡಿ, ಆಮೇಲೆ ಸೇಫ್ಟಿ ತೆಗೆಯಿರಿ. ತೆಗೆದ ತಕ್ಷಣ ಪಿನ್ ಬಿದ್ದರೆ ಆ ರೈಫಲ್ ಮೊದಲು ಗನ್‌ಸ್ಮಿತ್ ಹತ್ತಿರ ಹೋಗಬೇಕು. ಟ್ರಿಗರ್ ಭಾರದ ಬಗ್ಗೆ ಒಂದು ಎಚ್ಚರಿಕೆ. ಮ್ಯಾಚ್ ಏರ್ ರೈಫಲಿನ ಟ್ರಿಗರ್ ಉಸಿರು ತಾಗಿದರೆ ಬಿಡುವಂಥದ್ದು. ಅಲ್ಲಿಂದ ಬಂದವರಿಗೆ ಒಂದೂವರೆ ಕಿಲೋ ಟ್ರಿಗರ್ ಬೋರ್‌ವೆಲ್ ಹ್ಯಾಂಡಲ್ ಒತ್ತಿದ ಹಾಗೆ ಇರುತ್ತದೆ. ಭಾರ ಇದ್ದರೂ ಪರವಾಗಿಲ್ಲ, ಗರಗರ ಎಳೆಯದೆ ಗಾಜಿನ ಕಡ್ಡಿ ಮುರಿದ ಹಾಗೆ ಬಿಡಬೇಕು. ಒಂದು ಕಿಲೋಗೆ ತರಿಸಿಕೊಳ್ಳಿ, ಅದಕ್ಕಿಂತ ಇಳಿಸುವ ಆಸೆ ಬೇಡ.

ಭುಜಕ್ಕೆ ಹೊಂದುತ್ತದಾ ಅನ್ನುವುದಕ್ಕೆ ಹಳೆಯ ಉಪಾಯ ಒಂದಿದೆ. ಕಣ್ಣು ಮುಚ್ಚಿ ರೈಫಲ್ ಭುಜಕ್ಕೇರಿಸಿ ಕೆನ್ನೆ ಇಡಿ, ಆಮೇಲೆ ಕಣ್ಣು ಬಿಡಿ. ಮುಂದಿನ ಮೊನೆ, ಹಿಂದಿನ ಸಂದು ತಾನಾಗಿ ಒಂದೇ ಗೆರೆಗೆ ಬಂದಿದ್ದರೆ ಸ್ಟಾಕ್ ನಿಮ್ಮದು. ಕತ್ತು ಚಾಚಬೇಕಾದರೆ, ಗಲ್ಲ ಎತ್ತಬೇಕಾದರೆ ನಿಮ್ಮದಲ್ಲ. ಆದರೆ ಉದ್ದ ಹೆಚ್ಚು ಕಡಿಮೆ ಇದ್ದರೆ ಹಿಂದೆ ಒಂದು ರಬ್ಬರ್ ಪ್ಯಾಡ್ ಸೇರಿಸಿ ಸರಿಮಾಡಬಹುದು. ನಳಿಗೆಯ ಉದ್ದದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. .22ರ ಮದ್ದು 16ರಿಂದ 18 ಇಂಚಿನೊಳಗೆ ಉರಿದು ಮುಗಿಯುತ್ತದೆ, ಅದರಾಚೆ ಉದ್ದ ಗುಂಡಿಗೆ ವೇಗ ಕೊಡುವುದಿಲ್ಲ.

ಸ್ಕೋಪ್ ಕೇಳಿದ್ದೀರಿ. ಮೊದಲ ಆರು ತಿಂಗಳು ಬೇಡ ಅನ್ನುತ್ತೇನೆ, ನೀವು ಕೇಳುವುದಿಲ್ಲ ಅಂತಲೂ ಗೊತ್ತು. ಹಾಕಿಸುವುದಾದರೆ ಎರಡೇ ಮಾತು. ಈ ಮನೆತನದ ರೈಫಲ್‌ಗಳಿಗೆ ಸಾಮಾನ್ಯವಾಗಿ 11 ಮಿ.ಮೀ. ಡವ್‌ಟೇಲ್ ಮೌಂಟ್ (ರೈಫಲ್ ಮೇಲಿನ ಗಾಡಿಗೆ ಸ್ಕೋಪ್ ಹಿಡಿಸುವ ಕ್ಲಾಂಪ್) ಬೇಕು, ಆದರೂ ಅಳತೆ ನೋಡಿಯೇ ತಗೊಳ್ಳಿ. ದೊಡ್ಡ ಬೋರ್ ರೈಫಲಿನ ಸ್ಕೋಪ್‌ಗಳ ಪ್ಯಾರಲ್ಯಾಕ್ಸ್ ಸಾಮಾನ್ಯವಾಗಿ 100 ಗಜಕ್ಕೆ ಕೂರಿಸಿರುತ್ತಾರೆ. ಅದನ್ನು 50 ಮೀಟರಿಗೆ ಬಳಸಿದರೆ ಕಣ್ಣು ಸ್ವಲ್ಪ ಸರಿದರೂ ಗುರಿ ಸರಿಯುತ್ತದೆ. .22ನಂಥ ಅಂಚಿಗೆ ಬಡಿಯುವ ತೋಟಾಗೆಂದೇ ಇರುವ 50 ಗಜದ ರಿಮ್‌ಫೈರ್ ಸ್ಕೋಪ್ ಕೇಳಿ, ಇಲ್ಲವಾದರೆ ಮುಂದೆ ತಿರುಗಿಸಿ ಹೊಂದಿಸುವಂಥದ್ದು. 50ಕ್ಕೆ ಕೂರಿಸಿದ ಗುರಿ 100 ಮೀಟರಿನಲ್ಲಿ ಮುಕ್ಕಾಲು ಗೇಣಿಗೂ ಜಾಸ್ತಿ ಕೆಳಗೆ ಹೊಡೆಯುತ್ತದೆ, ಗಾಬರಿಯಾಗಬೇಡಿ. ಉಳಿದ ದುಡ್ಡು ಗುಂಡಿಗೆ ಇಡಿ.

ಕಾಗದ ಪತ್ರದ ವಿಷಯ ಚಿಕ್ಕದಾಗಿ ಹೇಳುತ್ತೇನೆ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದ್ದರೆ ಅಥವಾ 25 ವರ್ಷ ಆ ಬಂದೂಕು ಅವರಲ್ಲಿದ್ದರೆ, ಅವರು ಬದುಕಿರುವಾಗಲೇ ವಾರಸುದಾರರು ಅದಕ್ಕೆ ಲೈಸೆನ್ಸ್ ಕೇಳಬಹುದು. ನಿಮ್ಮ ತಂದೆಗೆ ವಯಸ್ಸು ಆಗಿದೆ, ದಾರಿ ತೆರೆದಿದೆ. ನೀವು ನಗರದವರಾದ್ದರಿಂದ ಅರ್ಜಿ ಹೋಗುವುದು ಪೊಲೀಸ್ ಕಮಿಷನರ್ ಕಚೇರಿಗೆ, ಹಾಸನದ ಡಿಸಿಗೆ ಅಲ್ಲ. ಬಂದೂಕು ಬಳಕೆಯ ತರಬೇತಿ ಪ್ರಮಾಣಪತ್ರ, ವೈದ್ಯರ ಪ್ರಮಾಣಪತ್ರ, ಪೊಲೀಸ್ ವಿಚಾರಣೆ ಎಲ್ಲ ಇರುತ್ತದೆ, ತಾಳ್ಮೆ ಬೇಕು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು. ಆದರೆ ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆ ಬಳಸುವ .22 ಈ ಲೆಕ್ಕಕ್ಕೆ ಬರುವುದಿಲ್ಲ ಅಂತ 1959ರ ಕಾಯ್ದೆಯ ಮೂರನೇ ಸೆಕ್ಷನ್‌ನಲ್ಲೇ ಇದೆ. ಚುನಾವಣೆ ಬಂದರೆ ರೈಫಲ್ ಠಾಣೆಗೋ ಡೀಲರ್ ಹತ್ತಿರವೋ ಜಮೆ ಮಾಡಬೇಕಾಗಬಹುದು, ಹಾಗಾದರೆ ಆ ತಿಂಗಳು ಏರ್ ರೈಫಲ್ ಹೊಡೆಯಿರಿ. ಕೊಡಗಿನ ಗೆಳೆಯರು ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಈಡು ಹೊಡೆಯುವುದನ್ನು ನೋಡಿ ನಮಗೂ ತೋಟದಲ್ಲಿ ಹಾಗೇ ಹೊಡೆಯಬಹುದು ಅಂದುಕೊಳ್ಳಬೇಡಿ, ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ಹಳೆಯ ಭೂಹಿಡುವಳಿ) ಹಿಡುವಳಿದಾರರಿಗೆ ಇರುವ ವಿನಾಯಿತಿ ಬೇರೆ. ಈ ಚಿಕ್ಕ ಗುಂಡು ಒಂದೂವರೆ ಕಿಲೋಮೀಟರ್ ಹೋಗುತ್ತದೆ, ಕಾಫಿ ಗಿಡದ ಹಿಂದೆ ಯಾರು ಕಳೆ ಕೀಳುತ್ತಿದ್ದಾರೋ ಗೊತ್ತಿಲ್ಲ. ರೇಂಜಿನಲ್ಲೇ ಹೊಡೆಯಿರಿ.

ಪರೀಕ್ಷೆಯಲ್ಲಿ ನಳಿಗೆ ಫೇಲಾದರೆ ಏನು ಮಾಡುವುದು? ಆಗ ಮಾರುವ ಮಾತಾಡೋಣ. ಆಗಲೂ ಬೇರೆ ಹಳೆಯ ಬ್ರನೋ ಅಥವಾ ಸಿಝೆಡ್ ಸಿಕ್ಕರೆ ಅದಕ್ಕೇ ನನ್ನ ಓಟು, ಅದೂ ಕೊಳ್ಳುವ ಮೊದಲು ರೇಂಜಿನಲ್ಲಿ ಹತ್ತು ಗುಂಡು ಹೊಡೆದು ತೋರಿಸಲು ಮಾರುವವರು ಒಪ್ಪಿದರೆ. ಒಪ್ಪದಿದ್ದರೆ ಬಿಟ್ಟುಬಿಡಿ. ರೈಫಲ್ ಮೇಲಿನ ನಂಬರು, ಲೈಸೆನ್ಸಿನಲ್ಲಿರುವ ನಂಬರು ಒಂದೊಂದೇ ಅಂಕಿ ಹೋಲಿಸಿ ನೋಡಿ. ಇಲ್ಲಿ ತಯಾರಾದ ರೈಫಲ್ ಆದರೂ ಬೇಡ ಅನ್ನುವುದಿಲ್ಲ. ಅವುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ವ್ಯತ್ಯಾಸ ಜಾಸ್ತಿ ಅನ್ನುವುದು ನನ್ನ ಅನುಭವ, ಮೂರ್ನಾಲ್ಕು ತೆಗೆಸಿ ಬೋಲ್ಟ್ ಆಡಿಸಿ ನೋಡಿ ಆರಿಸಿಕೊಳ್ಳಿ.

ಮುಂದಿನ ಸಲ ಊರಿಗೆ ಹೋದಾಗ ರೈಫಲ್ ಕಾರಿನ ಡಿಕ್ಕಿಗೆ ಹಾಕಿಕೊಂಡು ಒಬ್ಬರೇ ಬಂದುಬಿಡಬೇಡಿ. ಲೈಸೆನ್ಸ್ ಅಪ್ಪನದು. ರಿಪೇರಿಗೆ ಅವರ ಬರಹದ ಅನುಮತಿ ಇಟ್ಟುಕೊಂಡು ಒಯ್ಯಲು ಕಾನೂನಿನಲ್ಲಿ ಅವಕಾಶ ಇದೆ, ಆದರೂ ನಾನಾದರೆ ಅವರನ್ನೇ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬರುತ್ತೇನೆ. ಲೈಸೆನ್ಸ್ ಹಾಸನ ಜಿಲ್ಲೆಗೆ ಮಾತ್ರವಾ, ಇಡೀ ರಾಜ್ಯಕ್ಕಾ ಅಂತ ಮೊದಲು ನೋಡಿಕೊಳ್ಳಿ. ಜಿಲ್ಲೆಗೆ ಮಾತ್ರ ಇದ್ದರೆ ಹಾಸನದಲ್ಲೇ ಗನ್‌ಸ್ಮಿತ್ ಹುಡುಕಿ. ಬೀರುವಿನಲ್ಲಿ ರೈಫಲ್ ಜೊತೆ ಹಳೆಯ ತೋಟಾ ಡಬ್ಬಿ ಇದ್ದೇ ಇರುತ್ತದೆ. ಅದನ್ನು ಹೊಡೆದು ನೋಡಬೇಡಿ, ಕಸಕ್ಕೂ ಹಾಕಬೇಡಿ, ಠಾಣೆಯಲ್ಲೋ ಡೀಲರ್ ಹತ್ತಿರವೋ ಕೇಳಿ ಒಪ್ಪಿಸಿ. ಬೋಲ್ಟ್ ಬಿಚ್ಚಿ ಬೇರೆ ಚೀಲದಲ್ಲಿಡಿ. ಆ ಬಿಗಿಯಾದ ಬಟ್ಟೆ ಸುತ್ತಿದ ರಾಡನ್ನು ಅಪ್ಪನ ಎದುರೇ ತಳ್ಳಿ ನೋಡಿ, ಎಲ್ಲಾದರೂ ಸಡಿಲವಾಯಿತಾ ಅಂತ ಬರೆಯಿರಿ.